ಚಿರೆಕಲ್ಲಿನ ನಾಡಿನಲ್ಲಿ ಬೂದಿಗೆ ಜಾಗ ಎಲ್ಲಿ?

ತ್ಯಾಜ್ಯ ಬೂದಿಯಿಂದ ಕಟ್ಟಡ ಸಾಮಗ್ರಿ ಮಾಡಬಹುದು ಎಂದೊಡನೆ ಹೆಚ್ಚಿನವರ ಮನಸ್ಸಿಗೆ ಬರುವುದು ಬೂದಿ ಇಟ್ಟಿಗೆ. ಬಳ್ಳಾರಿ, ರಾಯಚೂರು, ಬೆಂಗಳೂರುಗಳ ಮಟ್ಟಿಗೆ ಆ ಉತ್ತರ ಸರಿಯೇ. ಅಲ್ಲಿ ಗೋಡೆಗೆ ಸುಟ್ಟ ಇಟ್ಟಿಗೆ ಬೇಕು. ಇಟ್ಟಿಗೆಗೆ ಹೊಲದ ಮೇಲ್ಮಣ್ಣು ಬೇಕು, ಭಟ್ಟಿಗೆ ಉರುವಲು ಬೇಕು. ಭಟ್ಕಳದಿಂದ ಕಾರವಾರದವರೆಗಿನ ನಮ್ಮ ಕರಾವಳಿಯಲ್ಲಿ ಗೋಡೆ ಏಳುವುದು ಚಿರೆಕಲ್ಲಿನಿಂದ. ನೆಲದಿಂದ ಕತ್ತರಿಸಿ ತೆಗೆದ ಮೇಲೆ ಗಾಳಿ ಬಿಸಿಲಿಗೆ ತಾನಾಗಿಯೇ ಗಟ್ಟಿಯಾಗುವ ಆ ಕಲ್ಲನ್ನು ಯಾರೂ ಭಟ್ಟಿಯಲ್ಲಿಟ್ಟು ಸುಡುವುದಿಲ್ಲ. ಕತ್ತರಿಸುವ ಯಂತ್ರದ ಡೀಸೆಲ್ಲು, ಸಾಗಿಸುವ ಲಾರಿಯ ಡೀಸೆಲ್ಲು, ಇಷ್ಟೇ ಅದರ ಇಂಗಾಲದ ಲೆಕ್ಕ. ಆದುದರಿಂದ ಚಿರೆಕಲ್ಲನ್ನು ಬಿಟ್ಟು ನೂರಾರು ಕಿಲೋಮೀಟರ್ ದೂರದಿಂದ ಬೂದಿ ಇಟ್ಟಿಗೆಯನ್ನು ತರಿಸಿಕೊಳ್ಳುವುದರಿಂದ ನಮ್ಮ ಮನೆಗಳ ಇಂಗಾಲದ ಹೊರೆ ಹೇಳಿಕೊಳ್ಳುವಷ್ಟು ಇಳಿಯದು ಎಂಬುದು, ಕುಮಟಾ, ಹೊನ್ನಾವರ, ಶಿರಸಿಗಳ ನಡುವೆ ಮನೆ ಕಟ್ಟಿಸುವ ಕೆಲಸದಲ್ಲೇ ವರ್ಷಗಳನ್ನು ಕಳೆದಿರುವ ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಹೊರೆ ಎಲ್ಲಿದೆ? ಪಾಯದ ಕಾಂಕ್ರೀಟು, ಕಂಬ, ತೊಲೆ, ಸ್ಲ್ಯಾಬು, ಕಲ್ಲುಗಳ ನಡುವಿನ ಗಾರೆ, ಒಳಹೊರಗಿನ ಪ್ಲಾಸ್ಟರು, ನೆಲದ ಬೆಡ್ಡು ಇವುಗಳಲ್ಲಿದೆ, ಅಂದರೆ ಸಿಮೆಂಟಿನಲ್ಲಿದೆ. ಸಾವಿರ ಚದರಡಿಯ ಸಾಧಾರಣ ಆರ್‌ಸಿಸಿ ಮನೆಗೆ ಸುಮಾರು 400 ಚೀಲ ಸಿಮೆಂಟು ಬೇಕೆಂಬುದು ನಮ್ಮ ವೃತ್ತಿಯವರ ಅಂದಾಜು. ತೂಕದಲ್ಲಿ ಅದು 20 ಟನ್. ಅಷ್ಟೂ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟೇ ಆಗಿದ್ದರೆ ಆ ಒಂದು ಮನೆಯ ಹೆಸರಿನಲ್ಲಿ 15 ಟನ್ನಿಗೂ ಮೀರಿದ ಇಂಗಾಲದ ಡೈಆಕ್ಸೈಡು ಎಲ್ಲೋ ದೂರದ ಕಾರ್ಖಾನೆಯ ಚಿಮಣಿಯಿಂದ ಹೊರಟುಹೋಗಿರುತ್ತದೆ. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 7ರಿಂದ 8ರಷ್ಟು ಸಿಮೆಂಟಿನ ಪಾಲು. ಇದರಲ್ಲಿ ಉರುವಲಿನ ಹೊಗೆ ಒಂದು ಭಾಗ ಮಾತ್ರ. ದೊಡ್ಡ ಭಾಗ ಸುಣ್ಣಕಲ್ಲಿನದೇ. ಸುಣ್ಣಕಲ್ಲನ್ನು ಕಾಯಿಸಿದಾಗ ಪ್ರತಿ 100 ಕಿಲೋದಿಂದ 44 ಕಿಲೋ ಇಂಗಾಲದ ಡೈಆಕ್ಸೈಡು ಬಿಡುಗಡೆಯಾಗಿ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ಆ ಸುಣ್ಣ 1450 ಡಿಗ್ರಿಯ ಆಸುಪಾಸಿನಲ್ಲಿ ಜೇಡಿಮಣ್ಣಿನೊಂದಿಗೆ ಸೇರಿ ಕ್ಲಿಂಕರ್ ಎಂಬ ಕಪ್ಪು ಉಂಡೆಗಳಾಗುತ್ತದೆ. ಗೂಡಿಗೆ ಸೌರಶಕ್ತಿಯನ್ನೇ ಕೊಟ್ಟರೂ ಆ 44 ಕಿಲೋ ತಪ್ಪುವುದಿಲ್ಲ. ಕ್ಲಿಂಕರನ್ನು ಕಡಿಮೆ ಬಳಸುವುದೊಂದೇ ನೇರವಾದ ದಾರಿ, ಮತ್ತು ಅದರ ಜಾಗವನ್ನು ಭಾಗಶಃ ತುಂಬಬಲ್ಲ ವಸ್ತುಗಳಲ್ಲಿ ಬೂದಿ ಮುಖ್ಯವಾದುದು.

ಬೂದಿ ಬರೀ ತುಂಬುವ ಪುಡಿ ಎಂದು ತಿಳಿದವರು ಬಹಳ ಮಂದಿ. ಅದು ಮಾಡುವ ಕೆಲಸವನ್ನು ನಮ್ಮ ಮಳೆಗಾಲವೇ ತೋರಿಸಿಕೊಡುತ್ತದೆ. ಹಳೆಯ ಸ್ಲ್ಯಾಬಿನ ಅಡಿಯಲ್ಲಿ, ಛಜ್ಜಾದ ಅಂಚಿನಲ್ಲಿ, ನೀರು ಜಿನುಗಿದ ಕಡೆ ಬಿಳಿ ಗೆರೆಗಳು ಇಳಿದಿರುವುದನ್ನು ಎಲ್ಲರೂ ಕಂಡಿದ್ದೇವೆ. ಸಿಮೆಂಟು ನೀರಿನೊಂದಿಗೆ ಸೇರಿ ಗಟ್ಟಿಯಾಗುವಾಗ ಬಂಧಕ ವಸ್ತುವಿನ ಜೊತೆಯಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣವೂ ಹುಟ್ಟುತ್ತದೆ. ಬಲಕ್ಕೆ ಹೆಚ್ಚೇನೂ ಕೂಡಿಸದ ಆ ಸುಣ್ಣ ಮಳೆನೀರಿನಲ್ಲಿ ಕರಗಿ ಹೊರಬಂದು ಗಾಳಿಯ ಸಂಪರ್ಕದಲ್ಲಿ ಬಿಳಿ ಕಲೆಯಾಗುತ್ತದೆ, ತಾನಿದ್ದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳನ್ನು ಬಿಟ್ಟುಹೋಗುತ್ತದೆ. ಒಳ್ಳೆಯ ಬೂದಿಯಲ್ಲಿರುವ ಸಿಲಿಕಾ ಮತ್ತು ಅಲ್ಯುಮಿನಾ ಈ ಸುಣ್ಣವನ್ನು ಹಿಡಿದು, ಸಿಮೆಂಟಿಗೆ ಬಲ ಕೊಡುವ ಬಂಧಕವನ್ನೇ ಇನ್ನಷ್ಟು ಉಂಟುಮಾಡುತ್ತವೆ. ಸೋರಿಹೋಗಬೇಕಾದ ಸುಣ್ಣ ಹೀಗೆ ಗಟ್ಟಿಯಾಗಿ ಒಳಗೇ ಉಳಿಯುತ್ತದೆ.

ಸಮುದ್ರದ ಪಕ್ಕದಲ್ಲಿ ಕಟ್ಟುವವರಿಗೆ ಇದರ ಬೆಲೆ ಇನ್ನೂ ಹೆಚ್ಚು. ಇಲ್ಲಿ ಕಾಂಕ್ರೀಟಿನ ದೊಡ್ಡ ಶತ್ರು ಉಪ್ಪು. ಉಪ್ಪುಗಾಳಿಯ ಕ್ಲೋರೈಡು ರಂಧ್ರಗಳ ಮೂಲಕ ಒಳಗಿಳಿದು ಕಬ್ಬಿಣವನ್ನು ಮುಟ್ಟಿತೆಂದರೆ ತುಕ್ಕು ಶುರುವಾಗುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಮೇಲಿನ ಕಾಂಕ್ರೀಟನ್ನು ಪದರ ಪದರವಾಗಿ ಬೀಳಿಸುತ್ತದೆ. ಕಾರವಾರ, ಬೈತಕೋಲ, ಬೇಲೇಕೇರಿಗಳ ಕಡಲಂಚಿನಲ್ಲಿ ಸ್ಲ್ಯಾಬಿನ ಅಡಿಯ ಸರಳುಗಳು ಹೊರಗೆ ಕಾಣುವ ಕಟ್ಟಡಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಭಾರತೀಯ ಮಾನಕ ಐಎಸ್ 456 ಕರಾವಳಿಯ ತೆರೆದ ಗಾಳಿಗೆ ಒಡ್ಡಿದ ಆರ್‌ಸಿಸಿಗೆ ಕನಿಷ್ಠ ಎಂ30 ದರ್ಜೆ, 0.45ಕ್ಕಿಂತ ಹೆಚ್ಚಿಲ್ಲದ ನೀರು-ಸಿಮೆಂಟ್ ಅನುಪಾತ, ಕಬ್ಬಿಣದ ಮೇಲೆ 45 ಮಿಲಿಮೀಟರ್ ದಪ್ಪದ ಕಾಂಕ್ರೀಟಿನ ಹೊದಿಕೆ (ಕವರ್) ಬೇಕೆಂದು ಹೇಳಿರುವುದು ಇದಕ್ಕಾಗಿಯೇ. ಇದರ ಜೊತೆಗೆ ಹಾರುಬೂದಿಯೋ (ಕಲ್ಲಿದ್ದಲು ಸ್ಥಾವರಗಳ ನುಣ್ಣನೆಯ ಬೂದಿ) ಕಬ್ಬಿಣದ ಕಿಟ್ಟದ ಪುಡಿಯೋ ಬೆರೆತ ಸಿಮೆಂಟನ್ನು ಬಳಸಿ ಸರಿಯಾಗಿ ಕ್ಯೂರಿಂಗ್ ಮಾಡಿದರೆ, ಅಂದರೆ ದಿನಗಟ್ಟಲೆ ನೀರು ಹಿಡಿದರೆ, ಕ್ಲೋರೈಡು ಒಳನುಗ್ಗುವ ವೇಗ ಗಣನೀಯವಾಗಿ ತಗ್ಗುತ್ತದೆ. ಇಂಗಾಲದ ಮಾತು ಯಾರಿಗಾದರೂ ದೂರದ್ದೆನಿಸಿದರೆ ನಾನು ಈ ಮಾತನ್ನು ಮೊದಲು ಹೇಳುತ್ತೇನೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಬೂದಿ ಎಲ್ಲೆಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಸ್ವಲ್ಪ ವಿಚಿತ್ರವಾಗಿದೆ. ವಿದ್ಯುತ್ತಿಗೆ ಹೆಸರಾದ ಜಿಲ್ಲೆ ಇದು, ಆದರೆ ಆ ವಿದ್ಯುತ್ತು ಕಾಳಿ ಮತ್ತು ಶರಾವತಿಯ ನೀರಿನದು, ಕೈಗಾದ ಅಣುಸ್ಥಾವರದ್ದು. ಎರಡರಿಂದಲೂ ಬೂದಿ ಬರುವುದಿಲ್ಲ. ತದಡಿಯಲ್ಲಿ 4000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಬರುವುದಿತ್ತು, ಜನರ ವಿರೋಧದ ನಡುವೆ ಅದು ನಿಂತುಹೋಯಿತು. ಅಘನಾಶಿನಿಯ ದಂಡೆಯಲ್ಲಿ ಬೂದಿಯ ಹೊಂಡ ಬರಲಿಲ್ಲವಲ್ಲ ಎಂಬ ಸಮಾಧಾನ ನನಗೆ ಇಂದಿಗೂ ಇದೆ, ಏಕೆಂದರೆ ಕಾಂಕ್ರೀಟಿನಲ್ಲಿ ಬಂಧಿಯಾಗಿರುವ ಹಾರುಬೂದಿ ಬೇರೆ, ತನ್ನಲ್ಲಿರುವ ಆರ್ಸೆನಿಕ್, ಪಾದರಸದಂಥ ಲೋಹಗಳನ್ನು ನೀರಿಗೆ ಬಿಡುತ್ತ ಬಯಲಿನಲ್ಲಿ ಬಿದ್ದಿರುವ ಬೂದಿ ಬೇರೆ. ಹಾರುಬೂದಿಗಾಗಿ ನಾವು ದಕ್ಷಿಣಕ್ಕೆ ಪಡುಬಿದ್ರಿ ಸಮೀಪದ ಉಡುಪಿ ಸ್ಥಾವರದ ಕಡೆಗೆ, ಪೂರ್ವಕ್ಕೆ ಬಳ್ಳಾರಿಯ ಕುಡುತಿನಿಯ ಕಡೆಗೆ ನೋಡಬೇಕು. ಭಟ್ಕಳಕ್ಕೆ ಪಡುಬಿದ್ರಿ ನೂರಿಪ್ಪತ್ತು ಕಿಲೋಮೀಟರಿನೊಳಗೇ ಇದೆ. ಜಿಲ್ಲೆಯ ಒಳಗೆ ದಾಂಡೇಲಿಯ ಕಾಗದದ ಕಾರ್ಖಾನೆ, ಹಳಿಯಾಳದ ಸಕ್ಕರೆ ಕಾರ್ಖಾನೆಗಳ ಬಾಯ್ಲರುಗಳಿವೆ. ಅಕ್ಕಿ ಗಿರಣಿಗಳು ಕರಾವಳಿಯಲ್ಲೂ ಇವೆ, ಬನವಾಸಿ, ಮುಂಡಗೋಡದ ಭತ್ತದ ಸೀಮೆಯಲ್ಲೂ ಇವೆ. ಮನೆಮನೆಯ ಬಚ್ಚಲೊಲೆಗಳಂತೂ ಇದ್ದೇ ಇವೆ.

ಈ ಎಲ್ಲ ಬೂದಿಗಳೂ ಒಂದೇ ಎಂದು ಭಾವಿಸಿದರೆ ಕೆಲಸ ಕೆಡುತ್ತದೆ. ಶಿರಸಿ, ಸಿದ್ದಾಪುರದ ತೋಟಿಗರು ಅನೇಕರು ನನ್ನನ್ನು ಕೇಳಿದ್ದಾರೆ: ಅಡಿಕೆ ಸಿಪ್ಪೆ ರಾಶಿ ರಾಶಿಯಾಗಿ ಇದೆಯಲ್ಲ, ಅದನ್ನು ಸುಟ್ಟ ಬೂದಿಯನ್ನು ಗಾರೆಗೆ ಹಾಕಬಹುದೇ? ಬೇಡ ಎಂಬುದೇ ನನ್ನ ಉತ್ತರ. ಅಡಿಕೆ ಸಿಪ್ಪೆ, ತೆಂಗಿನ ಸಿಪ್ಪೆ, ಕಟ್ಟಿಗೆ ಇವುಗಳ ಬೂದಿಯಲ್ಲಿ ಹೆಚ್ಚಾಗಿರುವುದು ಪೊಟ್ಯಾಶು ಮತ್ತು ಸುಣ್ಣದ ಅಂಶ; ಸುಣ್ಣದೊಂದಿಗೆ ಕೂಡಿ ಗಟ್ಟಿಯಾಗಬಲ್ಲ ಸಿಲಿಕಾ ಅದರಲ್ಲಿ ಸಾಲದು. ಕರಗುವ ಕ್ಷಾರಗಳು ಪ್ಲಾಸ್ಟರಿನ ಮೇಲೆ ಉಪ್ಪಿನಂತೆ ಅರಳುತ್ತವೆ, ಕೆಲವು ಜಾತಿಯ ಜಲ್ಲಿಯೊಂದಿಗೆ ಸೇರಿ ಕಾಂಕ್ರೀಟನ್ನು ಒಳಗಿನಿಂದ ಬಿರುಕುಗೊಳಿಸಲೂಬಹುದು. ಆ ಬೂದಿಗೆ ಹಿರಿಯರು ತೋರಿಸಿದ ಜಾಗ ತೋಟದ ಮರದ ಬುಡ, ಅದು ಅಲ್ಲಿಗೇ ಹೋಗಲಿ. ಹಳಿಯಾಳದ ಕಡೆಯ ಕಬ್ಬಿನ ಸಿಪ್ಪೆಯ ಬೂದಿಯಲ್ಲಿ ಸಿಲಿಕಾ ಚೆನ್ನಾಗಿಯೇ ಇರುತ್ತದೆ, ಆದರೆ ಅರೆಸುಟ್ಟ ನಾರು ಬೆರೆತಿರುವುದರಿಂದ ಸೋಸಿ, ಅಗತ್ಯವಿದ್ದರೆ ಮತ್ತೆ ಸುಟ್ಟು, ನುಣ್ಣಗೆ ಅರೆದ ಮೇಲಷ್ಟೇ ಅದು ಕೆಲಸಕ್ಕೆ ಬರುತ್ತದೆ.

ಭತ್ತದ ಹೊಟ್ಟಿನ ಬೂದಿಯ ವಿಷಯ ಬೇರೆ. ಭತ್ತದ ಗಿಡ ನೆಲದ ಸಿಲಿಕಾವನ್ನು ಹೀರಿ ಕಾಳಿನ ಹೊದಿಕೆಯಲ್ಲಿ ಕೂಡಿಡುತ್ತದೆ. ಒಂದು ಟನ್ ಭತ್ತದಿಂದ ಸುಮಾರು 200 ಕಿಲೋ ಹೊಟ್ಟು, ಅದನ್ನು ಸುಟ್ಟರೆ ಸುಮಾರು 40 ಕಿಲೋ ಬೂದಿ, ಚೆನ್ನಾಗಿ ಸುಟ್ಟ ಬೂದಿಯಲ್ಲಿ ಶೇಕಡಾ 85ರಿಂದ 95ರಷ್ಟು ಸಿಲಿಕಾ. ಕಲ್ಲಿದ್ದಲಿನ ಯಾವ ಬೂದಿಯೂ ಸಿಲಿಕಾದಲ್ಲಿ ಇದಕ್ಕೆ ಸಾಟಿಯಾಗದು. 1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಪಿ. ಕುಮಾರ್ ಮೆಹ್ತಾ ಈ ಬೂದಿಯ ಸಿಮೆಂಟಿನ ಮೇಲೆ ಮಾಡಿದ ಕೆಲಸ ಇಂದಿಗೂ ಆಧಾರಶಿಲೆ. ನಮ್ಮಲ್ಲಿಯೇ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ಅಸ್ತ್ರ ಕೇಂದ್ರ ಹಳ್ಳಿಗೆ ಒಗ್ಗುವ ಕಟ್ಟಡ ಸಾಮಗ್ರಿಗಳ ಪಟ್ಟಿಯಲ್ಲಿ ಸುಣ್ಣ ಮತ್ತು ಹೊಟ್ಟಿನ ಬೂದಿಯ ಬಂಧಕವನ್ನೂ ಸೇರಿಸಿಕೊಂಡಿತ್ತು.

ಇಷ್ಟೆಲ್ಲ ಗೊತ್ತಿದ್ದೂ ಗಿರಣಿಯ ಹಿಂದಿನ ಬೂದಿಯ ಗುಡ್ಡೆ ಹಾಗೆಯೇ ಉಳಿದಿರುವುದೇಕೆ? ನನ್ನ ಅನುಭವದಲ್ಲಿ ಉತ್ತರ ಒಲೆಯಲ್ಲಿದೆ. ಹೊಟ್ಟಿನ ಬೂದಿ ಕಟ್ಟಡ ಸಾಮಗ್ರಿಯಾಗುವುದೋ ಕಸವಾಗುವುದೋ ಎಂಬುದು ಅದು ಸುಡುವ ಹೊತ್ತಿನಲ್ಲೇ ತೀರ್ಮಾನವಾಗಿಬಿಡುತ್ತದೆ. ಆಮೇಲೆ ಏನು ಅರೆದರೂ, ಏನು ಬೆರೆಸಿದರೂ ಹುಟ್ಟುಗುಣ ಅರ್ಧ ಮಾತ್ರ ಬದಲಾಗುತ್ತದೆ. ಗಾಳಿ ಸಾಲದೆ ಉಸಿರುಗಟ್ಟಿ ಸುಟ್ಟರೆ ಇಂಗಾಲ ಒಳಗೇ ಉಳಿದು ಬೂದಿ ಕರ್ರಗಾಗುತ್ತದೆ. ನಮ್ಮ ಹಿರಿಯರು ಹಲ್ಲುಜ್ಜುತ್ತಿದ್ದ ಉಮಿಕರಿ ಅಂಥದ್ದು. ಹಲ್ಲಿಗೆ ಅದು ಒಳ್ಳೆಯದಾಯಿತು, ಗಾರೆಗಲ್ಲ. ಉಳಿದ ಇಂಗಾಲ ಸ್ಪಂಜಿನಂತೆ ನೀರನ್ನೂ, ಕಾಂಕ್ರೀಟಿಗೆ ಹಾಕುವ ರಾಸಾಯನಿಕಗಳನ್ನೂ ಹೀರಿಬಿಡುತ್ತದೆ. ಇದಕ್ಕೆ ಎದುರಾಗಿ ಬೆಂಕಿ ಅತಿಯಾಗಿ, 800 ಡಿಗ್ರಿಯನ್ನೂ ದಾಟಿ ಬಹಳ ಹೊತ್ತು ಉರಿದರೆ ಇಂಗಾಲವೇನೋ ಹೋಗುತ್ತದೆ, ಆದರೆ ಸಿಲಿಕಾ ಹರಳುಗಟ್ಟುತ್ತದೆ. ಹರಳಾದ ಸಿಲಿಕಾ ಸುಣ್ಣದೊಂದಿಗೆ ಬೆರೆಯಲು ಒಪ್ಪದ ಮರಳಿಗೆ ಸಮಾನ. ಅದರ ಧೂಳು ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ತರುತ್ತದೆ. ಇವೆರಡರ ನಡುವೆ, 500ರಿಂದ 700 ಡಿಗ್ರಿಯ ಒಳಗೆ, ಧಾರಾಳ ಗಾಳಿಯಲ್ಲಿ, ನಿಧಾನವಾಗಿ ಸುಟ್ಟ ಬೂದಿ ತಿಳಿ ಬೂದುಬಣ್ಣಕ್ಕೆ ಬರುತ್ತದೆ. ಅದರ ಸಿಲಿಕಾ ಹರಳುಗಟ್ಟಿರುವುದಿಲ್ಲ, ಕಣದೊಳಗೆಲ್ಲ ಸೂಕ್ಷ್ಮ ರಂಧ್ರಗಳಿರುತ್ತವೆ, ಸುಣ್ಣ ಸಿಕ್ಕರೆ ಕೂಡಲೇ ಹಿಡಿಯುತ್ತದೆ.

ಹೊನ್ನಾವರದ ಕಡೆಯ ಒಬ್ಬ ಗಿರಣಿಯವರ ಬಳಿ ಈ ಮಾತನ್ನೆತ್ತಿದಾಗ ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. "ಭತ್ತ ಬೇಯಿಸೂಕೆ ನಮಗೆ ಹಬೆ ಬೇಕು ಮಾರಾಯ್ರೆ. ಬೂದಿ ಬೆಳ್ಳಗಾಗಲಿ ಅಂತ ಬೆಂಕಿ ತಣ್ಣಗೆ ಮಾಡಿದ್ರೆ ಕುಚ್ಚಲಕ್ಕಿ ಆಗೂದು ಹೇಗೆ?" ಎಂದರು. ಬಾಯ್ಲರಿನ ಒಲೆಯನ್ನು ಬೂದಿಗಾಗಿ ಬದಲಿಸಲಾಗದು ಎಂಬುದನ್ನು ನಾನು ಒಪ್ಪಿದೆ. ಆದರೆ ಎರಡು ಕೆಲಸಗಳು ಅವರ ಕೈಯಲ್ಲೇ ಇದ್ದವು: ಕೆಳಗಾಳಿಯನ್ನು ಸ್ವಲ್ಪ ಹೆಚ್ಚಿಸಿ ಹೊಟ್ಟನ್ನು ತೆಳುವಾಗಿ, ಸಮನಾಗಿ ಊಡುವುದು, ಮತ್ತು ತೆಗೆದ ಬೂದಿಗೆ ಕೂಡಲೇ ನೀರು ಹೊಡೆಯದೆ ತಗಡಿನ ಮಾಡಿನ ಕೆಳಗೆ ತೆಳ್ಳಗೆ ಹರಡಿ, ಉಳಿದ ಕಪ್ಪು ತಾನೇ ನಿಧಾನವಾಗಿ ಉರಿದುಹೋಗಲು ಬಿಡುವುದು. ಇವೆರಡನ್ನು ಮಾಡಿದ ಮೇಲೆ ಬಂದ ಬೂದಿಯ ಬಣ್ಣದಲ್ಲಿ ಕಂಡ ವ್ಯತ್ಯಾಸಕ್ಕೆ ಅವರೇ ಆಶ್ಚರ್ಯಪಟ್ಟರು. ಬಾಯ್ಲರ್ ಇಲ್ಲದ ಸಣ್ಣ ಗಿರಣಿಗಳಿಗೆ ಇನ್ನೂ ಸುಲಭದ ಉಪಾಯವಿದೆ. ಕಾನ್ಪುರದ ಐಐಟಿಯಲ್ಲಿ ಪಿ.ಸಿ. ಕಪೂರ್ ರೂಪಿಸಿದ ಒಲೆಯಲ್ಲಿ ತಂತಿಬಲೆಯ ಬುಟ್ಟಿಯ ನಡುವೆ ಗಾಳಿಯಾಡುವ ಕೊಳವೆಯನ್ನು ನಿಲ್ಲಿಸಿ ಸುತ್ತ ಹೊಟ್ಟನ್ನು ತುಂಬುತ್ತಾರೆ. ಹೊಟ್ಟಿನ ಪದರ ತೆಳುವಾಗಿದ್ದು ಗಾಳಿ ಎರಡೂ ಕಡೆಯಿಂದ ಸಿಗುವುದರಿಂದ ಬೆಂಕಿ ತಾನಾಗಿಯೇ ಹದದಲ್ಲಿರುತ್ತದೆ. ನಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದಾದ ಸಾಧನ ಅದು.

ಬೂದಿಯನ್ನು ಪರೀಕ್ಷಿಸಲು ಪ್ರಯೋಗಾಲಯಕ್ಕೆ ಕಳುಹಿಸುವ ಮುಂಚೆ ನಾನು ಮಾಡುವುದು ಇಷ್ಟು. ನುಣ್ಣಗೆ ಅರೆದ ಎರಡು ಪಾಲು ಬೂದಿಗೆ ಒಂದು ಪಾಲು ಅರಳಿದ ಸುಣ್ಣವನ್ನು ಸೇರಿಸಿ, ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ, ಒದ್ದೆ ಗೋಣಿಯಲ್ಲಿ ಒಂದು ವಾರ ಸುತ್ತಿಡುತ್ತೇನೆ. ಬಳಿಕ ಆ ಉಂಡೆಯನ್ನು ನೀರಿನಲ್ಲಿ ಮುಳುಗಿಸುತ್ತೇನೆ. ಬೂದಿ ಕೆಟ್ಟದ್ದಾದರೆ ಉಂಡೆ ಕೆಸರಾಗಿ ಕರಗುತ್ತದೆ, ಒಳ್ಳೆಯದಾದರೆ ಉಗುರಿಗೆ ಬಗ್ಗದೆ ಕಲ್ಲಿನಂತೆ ಕುಳಿತಿರುತ್ತದೆ. ಈ ಪರೀಕ್ಷೆಯಲ್ಲಿ ಗೆದ್ದ ಬೂದಿಯನ್ನಷ್ಟೇ ಪ್ರಯೋಗಾಲಯಕ್ಕೆ ಕಳುಹಿಸಿ, ಸುಟ್ಟರೆ ಎಷ್ಟು ತೂಕ ಕಳೆದುಕೊಳ್ಳುತ್ತದೆ ಎಂದು ನೋಡಿಸುತ್ತೇನೆ. ಹಾರುಬೂದಿಯ ಮಾನಕ ಐಎಸ್ 3812 ಈ ನಷ್ಟಕ್ಕೆ ಶೇಕಡಾ 5ರ ಮಿತಿಯಿಟ್ಟಿದೆ. ಹೊಟ್ಟಿನ ಬೂದಿಗೂ ನಾನು ಅದೇ ಗೆರೆಯನ್ನು ಹಿಡಿದಿದ್ದೇನೆ. ಅರೆಯುವಾಗ ಮೂಗು ಬಾಯಿಗೆ ಬರೀ ಬಟ್ಟೆ ಕಟ್ಟಿಕೊಂಡರೆ ಸಾಲದು, ಧೂಳು ತಡೆಯುವ ಮಾಸ್ಕ್ ಬೇಕೇ ಬೇಕು.

ಬೆರೆಸುವ ಪ್ರಮಾಣದಲ್ಲಿ ಅತ್ಯಾಸೆ ಸಲ್ಲದು. ಸಾದಾ ಸಿಮೆಂಟಿನ ಶೇಕಡಾ 10ರಿಂದ 15ರ ಜಾಗದಲ್ಲಿ ಹೊಟ್ಟಿನ ಬೂದಿ ಬಂದರೆ ಕಾಂಕ್ರೀಟಿನ ಬಲ ಕುಂದುವುದಿಲ್ಲ, ಒಳ್ಳೆಯ ಬೂದಿಯಾದರೆ ಹೆಚ್ಚುವುದೂ ಉಂಟು. ಅದಕ್ಕಿಂತ ಮೇಲೆ ಹೋದಂತೆ ರಂಧ್ರಮಯವಾದ ಬೂದಿ ನೀರನ್ನು ಕೇಳುತ್ತ ಹೋಗುತ್ತದೆ, ನೀರು ಹೆಚ್ಚಾದರೆ ಬಲ ಹೋಯಿತು. ಇಲ್ಲಿ ಮನೆ ಕಟ್ಟಿಸುವವರು ತಪ್ಪದೆ ನೋಡಬೇಕಾದ ಸಂಗತಿಯೊಂದಿದೆ. ಅಂಗಡಿಯಲ್ಲಿ ಪಿಪಿಸಿ ಎಂದು ಮುದ್ರಿಸಿದ ಚೀಲ ಸಿಕ್ಕಿದರೆ ಅದರೊಳಗೆ ಆಗಲೇ ಶೇಕಡಾ 15ರಿಂದ 35ರವರೆಗೆ ಹಾರುಬೂದಿ ಬೆರೆತಿರುತ್ತದೆ. ಕಾರ್ಖಾನೆಯಲ್ಲೇ ಅರೆದು, ಅಳೆದು ಬೆರೆಸಿದ ಬೂದಿ ಅದು. ಅದರ ಮೇಲೆ ಮತ್ತೆ ಬೂದಿ ಹಾಕಬಾರದು. ಗಿರಣಿಯ ಬೂದಿಯನ್ನು ಬಳಸುವುದಾದರೆ ಒಪಿಸಿ, ಅಂದರೆ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಚೀಲವನ್ನೇ ತರಬೇಕು. ಗಿರಣಿಯ ಬೂದಿ ಸಿಗದವರು ಸ್ಲ್ಯಾಬು, ಕಂಬಗಳಿಗೆ ಪಿಪಿಸಿಯನ್ನೋ, ಶೇಕಡಾ 25ರಿಂದ 70ರಷ್ಟು ಕಿಟ್ಟ ಬೆರೆತ ಸ್ಲ್ಯಾಗ್ ಸಿಮೆಂಟನ್ನೋ ಆರಿಸಿಕೊಂಡರೂ ಈ ಕೆಲಸದಲ್ಲಿ ಪಾಲುದಾರರಾದಂತೆಯೇ. ಉಪ್ಪುನೀರು ಏರುವ ಗಜನಿಯ ಅಂಚಿನ ಪಾಯಕ್ಕಂತೂ ನಾನು ಸ್ಲ್ಯಾಗ್ ಸಿಮೆಂಟಿಗೇ ಒತ್ತಾಯಿಸುತ್ತೇನೆ.

ಗೌಂಡಿಗಳ ಆಕ್ಷೇಪವನ್ನೂ ಕೇಳಬೇಕು. ಅವರಲ್ಲಿ ಹಿರಿಯರೊಬ್ಬರು, "ಬೂದಿ ಸಿಮಿಟು ತಡ ಸರ್, ಸೆಂಟ್ರಿಂಗ್ ಬಿಚ್ಚೂಕೆ ಧೈರ್ಯ ಬರೂದಿಲ್ಲ" ಎಂದು ನನ್ನೆದುರು ಹೇಳಿದ್ದುಂಟು. ಅವರ ಕೈಯ ಅನುಭವ ಹೇಳುವುದು ನಿಜ. ಬೂದಿ ಕೆಲಸ ಮಾಡಲು ಮೊದಲು ಸಿಮೆಂಟಿನಿಂದ ಸುಣ್ಣ ಹುಟ್ಟಬೇಕು. ಆದುದರಿಂದ ಮೊದಲ ವಾರದಲ್ಲಿ ಬಲ ಕಡಿಮೆ, ತಿಂಗಳು ಕಳೆಯುವಾಗ ಸಮ, ಆ ಮೇಲೆ ತಿಂಗಳುಗಟ್ಟಲೆ ಏರುತ್ತಲೇ ಇರುತ್ತದೆ. ಇಷ್ಟಾಗಬೇಕಾದರೆ ಅಷ್ಟು ಕಾಲವೂ ಒಳಗೆ ತೇವ ಉಳಿಯಬೇಕು. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ ನೀರು ಹಿಡಿಯಬೇಕೆಂದಿರುವ ಐಎಸ್ 456, ಬೂದಿ ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ ಎನ್ನುತ್ತದೆ, ಅದನ್ನು 14 ದಿನಕ್ಕೆ ಹೆಚ್ಚಿಸಿದರೆ ಒಳ್ಳೆಯದು ಎಂದೂ ಹೇಳುತ್ತದೆ. ನಮ್ಮಲ್ಲಿ ಸ್ಲ್ಯಾಬು ಬೀಳುವುದು ಬಹುತೇಕ ಮಳೆ ನಿಂತ ಮೇಲೆ, ಬಾವಿಯ ನೀರು ಇಳಿಯುತ್ತ ಹೋಗುವ ತಿಂಗಳುಗಳಲ್ಲಿ. ಮಾರ್ಚಿ, ಏಪ್ರಿಲ್ಲಿನಲ್ಲಿ ನೀರಿಗೆ ತತ್ವಾರ ಬರುವ ಗುಡ್ಡದ ಮೇಲಿನ ಮನೆಗಳಿಗೆ ನಾನು ಒದ್ದೆ ಗೋಣಿ ಹೊದೆಸಿ ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಸಲು ಹೇಳುತ್ತೇನೆ. ನೀರು ಹಿಡಿಯಲು ಮನಸ್ಸಿಲ್ಲದವರು ಬೂದಿ ಬೆರೆತ ಕಾಂಕ್ರೀಟನ್ನು ಹಾಕಿಸಿ ಅರ್ಧಕ್ಕೇ ಒಣಗಲು ಬಿಟ್ಟರೆ, ಗಾಳಿಯ ಇಂಗಾಲದ ಡೈಆಕ್ಸೈಡು ಒಳಗಿಳಿದು ಕಬ್ಬಿಣದ ರಕ್ಷಣೆಯನ್ನು ಬೇಗ ಕಳೆಯುತ್ತದೆ. ಲಾಭ ಹೋಗಿ ನಷ್ಟವೇ ಆಗುತ್ತದೆ.

ಸ್ಲ್ಯಾಬಿಗಿಂತಲೂ ನನಗೆ ಹೆಚ್ಚು ಆಸೆ ಹುಟ್ಟಿಸಿರುವುದು ಚಿರೆಕಲ್ಲಿನ ಗಾರೆ. ಚಿರೆಕಲ್ಲಿಗೆ ಐಎಸ್ 3620 ಕೇಳುವ ಕನಿಷ್ಠ ಬಲ ಪ್ರತಿ ಚದರ ಮಿಲಿಮೀಟರಿಗೆ 3.5 ನ್ಯೂಟನ್. ಅಷ್ಟು ಮೆದುವಾದ, ನೀರು ಕುಡಿದು ನೀರು ಬಿಡುವ ಕಲ್ಲಿನ ನಡುವೆ ಬಿಗಿಯಾದ ಸಿಮೆಂಟು ಗಾರೆಯನ್ನು ತುಂಬುವುದರಲ್ಲಿ ಅರ್ಥವಿಲ್ಲ. ಗೋಡೆ ಅಲುಗಿದಾಗ ಗಾರೆ ಬಿರಿಯುವ ಬದಲು ಕಲ್ಲೇ ಬಿರಿಯುತ್ತದೆ, ಗೋಡೆಯೊಳಗಿನ ತೇವ ಹೊರಗೆ ಬರಲು ದಾರಿ ಕಾಣದೆ ಪ್ಲಾಸ್ಟರನ್ನು ಹಪ್ಪಳದಂತೆ ಎಬ್ಬಿಸುತ್ತದೆ. ನಮ್ಮ ಹಿಂದಿನವರು ಚಿಪ್ಪಿ ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಗಳು ಇಂದಿಗೂ ನಿಂತಿವೆ. ಆ ಗಾರೆಯ ಕೊರತೆ ಒಂದೇ, ಗಾಳಿಯಿಂದ ನಿಧಾನವಾಗಿ ಗಟ್ಟಿಯಾಗುವ ಅದು ಮಳೆಗಾಲದೊಳಗೆ ಸಾಕಷ್ಟು ಬಲ ಪಡೆಯುವುದಿಲ್ಲ. ಹೊಟ್ಟಿನ ಬೂದಿ ಸೇರಿದರೆ ಸುಣ್ಣ ನೀರಿನಲ್ಲೂ ಗಟ್ಟಿಯಾಗುತ್ತದೆ. ಈ ಕೊರತೆಯೇ ನಿವಾರಣೆಯಾಗುತ್ತದೆ. ಸುಣ್ಣ ಮತ್ತು ಬೂದಿಯ ಮಿಶ್ರಣಕ್ಕೆ ಐಎಸ್ 4098 ಎಂಬ ಮಾನಕವೇ ಇದೆ, ಆದುದರಿಂದ ಇದನ್ನು ಯಾರೂ ಹಳ್ಳಿಯ ಕಸುಬೆಂದು ತಳ್ಳಿಹಾಕುವಂತಿಲ್ಲ. ಸುಣ್ಣ ಸುಡಲು 900 ಡಿಗ್ರಿಯ ಶಾಖ ಸಾಕು. ಸುಡುವಾಗ ಅದೂ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ, ಆದರೆ ಬೂದಿಯೊಂದಿಗೆ ಕೂಡದೆ ಉಳಿದ ಸುಣ್ಣ ವರ್ಷಗಳಲ್ಲಿ ಗಾಳಿಯಿಂದ ಅದನ್ನು ಮರಳಿ ಪಡೆಯುತ್ತದೆ.

ಚಿಪ್ಪಿಯ ವಿಷಯದಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಸುಣ್ಣಕ್ಕಾಗಿ ಅಘನಾಶಿನಿಯ ತಳವನ್ನು ಅಗೆಯುವುದನ್ನು ನಾನು ಒಪ್ಪುವುದಿಲ್ಲ. ಇಳಿತದ ಹೊತ್ತಿನಲ್ಲಿ ನೀರಿಗಿಳಿದು ಬಳಚು ಆರಿಸುವ ಹೆಂಗಸರ ಹೊಟ್ಟೆಪಾಡು ಆ ತಳದ ಮೇಲೆ ನಿಂತಿದೆ. ತಿಂದ ಮೇಲೆ ಎಸೆದ ಚಿಪ್ಪುಗಳು ಮನೆಗಳ, ಹೋಟೆಲುಗಳ ಹಿಂದೆ ಗುಡ್ಡೆಯಾಗಿ ಬಿದ್ದಿರುತ್ತವೆ. ಅವನ್ನು ಒಂದು ಮಳೆಗಾಲ ಬಯಲಲ್ಲಿ ಬಿಟ್ಟು ಉಪ್ಪು ತೊಳೆದುಹೋದ ಮೇಲೆ ಸುಟ್ಟರೆ ಸಾಕು. ಸಾಲದೆ ಬಂದರೆ ಪೇಟೆಯ ಸುಣ್ಣ ಇದ್ದೇ ಇದೆ.

ಬೂದಿ ಇಟ್ಟಿಗೆಯನ್ನು ನಾನು ಪೂರ್ತಿ ತಳ್ಳಿಹಾಕುವವನಲ್ಲ. ಘಟ್ಟದ ಮೇಲೆ, ಮುಂಡಗೋಡ, ಹಳಿಯಾಳದ ಕಡೆ ಸುಟ್ಟ ಇಟ್ಟಿಗೆಯ ಬಳಕೆ ಇದೆ, ಅಲ್ಲಿ ಅದು ತಕ್ಕ ಪರ್ಯಾಯ. ವಿಶಾಖಪಟ್ಟಣದ ಭಾನುಮತಿದಾಸ್ ಮತ್ತು ಕಾಳಿದಾಸ್ ಅವರು ರೂಪಿಸಿದ ಫಾಲ್-ಜಿ ವಿಧಾನದಲ್ಲಿ ಹಾರುಬೂದಿ, ಸುಣ್ಣ, ಜಿಪ್ಸಮ್ ಮೂರನ್ನು ಬೆರೆಸಿ ಭಟ್ಟಿಯಿಲ್ಲದೆ, ಬರೀ ನೀರು ಹಿಡಿದು ಇಟ್ಟಿಗೆಯನ್ನು ಗಟ್ಟಿಗೊಳಿಸುತ್ತಾರೆ. ದೇಶದ ಅನೇಕ ಸಣ್ಣ ಘಟಕಗಳು ಇದರಿಂದಲೇ ನಡೆದಿವೆ. ಕರಾವಳಿಯಲ್ಲಿ ಅದರ ತಮ್ಮನಂಥ ಇನ್ನೊಂದು ಕೆಲಸಕ್ಕೆ ಅವಕಾಶವಿದೆ. ಚಿರೆಕಲ್ಲಿನ ಕ್ವಾರಿಗಳಲ್ಲಿ ಕತ್ತರಿಸುವಾಗ ಉದುರುವ ಪುಡಿ, ಮುರಿದ ಚೂರು ರಾಶಿಯಾಗಿ ಬಿದ್ದು ಮಳೆಗೆ ಕೆಸರಾಗಿ ಗದ್ದೆಗಿಳಿಯುತ್ತದೆ. ಆ ಪುಡಿಗೆ ಸ್ವಲ್ಪ ಸುಣ್ಣವನ್ನೂ ಬೂದಿಯನ್ನೂ ಸೇರಿಸಿ ಕೈಯಂತ್ರದಲ್ಲಿ ಒತ್ತಿದ ಬ್ಲಾಕುಗಳು ಕಾಂಪೌಂಡಿಗೆ, ಒಳಗೋಡೆಗೆ ಸಲ್ಲುತ್ತವೆ, ಮತ್ತು ಹೊಸ ಕ್ವಾರಿ ಅಗೆಯುವ ಒತ್ತಡವನ್ನು ಅಷ್ಟರಮಟ್ಟಿಗೆ ತಗ್ಗಿಸುತ್ತವೆ.

ಸಿಮೆಂಟನ್ನೇ ಬಿಟ್ಟು, ಬೂದಿಯನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಿಲಿಕೇಟಿನಿಂದ ಗಟ್ಟಿಗೊಳಿಸುವ ಜಿಯೋಪಾಲಿಮರ್ ವಿಧಾನದ ಬಗ್ಗೆ ಯುವ ಎಂಜಿನಿಯರುಗಳು ಉತ್ಸಾಹದಿಂದ ಕೇಳುತ್ತಾರೆ. ಕಾರವಾರದ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ತಯಾರಾಗುತ್ತದೆ, ಹೊಟ್ಟಿನ ಬೂದಿಯನ್ನು ಅದರಲ್ಲಿ ಕರಗಿಸಿದರೆ ಸೋಡಿಯಂ ಸಿಲಿಕೇಟೂ ಸಿಗುತ್ತದೆ, ಹೀಗಾಗಿ ಕಾಗದದ ಮೇಲೆ ಜಿಲ್ಲೆಯೊಳಗೇ ಎಲ್ಲವೂ ಒದಗುತ್ತದೆ. ಕಾರ್ಖಾನೆಯಲ್ಲಿ ಎರಕ ಹೊಯ್ಯುವ ಪೇವರ್, ಪೈಪುಗಳಿಗೆ ಇದು ಸರಿ. ಚರ್ಮ, ಕಣ್ಣುಗಳನ್ನು ಸುಡುವ ಆ ದ್ರಾವಣವನ್ನು ಬರಿಗೈಯಲ್ಲಿ ದುಡಿಯುವವರ ಮನೆಕಟ್ಟುವ ಜಾಗಕ್ಕೆ ನಾನು ತರಲಾರೆ.

ಚಿರೆಕಲ್ಲಿನ ಪದರದ ಕೆಳಗೆ ಸಿಗುವ ಶೇಡಿ ಮಣ್ಣಿನ ಬಗ್ಗೆಯೂ ಇತ್ತೀಚೆಗೆ ಆಸಕ್ತಿ ಬೆಳೆದಿದೆ. ಈ ಬಗೆಯ ಮಣ್ಣನ್ನು 700ರಿಂದ 800 ಡಿಗ್ರಿಗೆ ಕಾಯಿಸಿ ಸುಣ್ಣಕಲ್ಲಿನ ಪುಡಿಯೊಂದಿಗೆ ಬೆರೆಸಿದರೆ ಕ್ಲಿಂಕರಿನ ಅರ್ಧವನ್ನೇ ಉಳಿಸುವ ಎಲ್‌ಸಿ3 ಸಿಮೆಂಟು ಆಗುತ್ತದೆ. 2023ರಲ್ಲಿ ಅದಕ್ಕೆ ಐಎಸ್ 18189 ಎಂಬ ಭಾರತೀಯ ಮಾನಕವೂ ಬಂದಿದೆ. ಕಲ್ಲಿದ್ದಲಿನ ಸ್ಥಾವರಗಳು ಮುಚ್ಚುತ್ತ ಹೋದಂತೆ ಹಾರುಬೂದಿ ಕಡಿಮೆಯಾಗುವ ದಿನ ಬರುವುದರಿಂದ ಇದು ಮುಖ್ಯ. ಆದರೆ ಶಿರೂರಿನ ಗುಡ್ಡ 2024ರ ಜುಲೈ 16ರಂದು ಕುಸಿದದ್ದನ್ನು ಕಂಡ ಜಿಲ್ಲೆಯಲ್ಲಿ, ಇಳಿಜಾರಿನ ಬುಡದಿಂದ ಮಣ್ಣು ತೆಗೆಯುವ ಯಾವ ಯೋಜನೆಗೂ ನನ್ನ ಒಪ್ಪಿಗೆಯಿಲ್ಲ. ಕಲ್ಲು ತೆಗೆದು ಮುಗಿದ ಸಮತಟ್ಟು ಕ್ವಾರಿಗಳ ತಳದಲ್ಲಿ ಸಿಗುವಷ್ಟು ಮಣ್ಣು ಪ್ರಯೋಗಕ್ಕೆ ಸಾಕು.

ಮತ್ತೆ ಗಿರಣಿಗೆ ಬರುತ್ತೇನೆ, ಏಕೆಂದರೆ ನಾವೇ ನಡೆಸಬಹುದಾದ ಕೆಲಸ ಅಲ್ಲಿದೆ. ಸಾವಿರ ಟನ್ ಭತ್ತ ಮಾಡುವ ಗಿರಣಿಯಿಂದ 40 ಟನ್ ಬೂದಿ ಬರುತ್ತದೆ. ಹತ್ತನೇ ಒಂದು ಪಾಲಿನ ಲೆಕ್ಕದಲ್ಲಿ ಅದು 400 ಟನ್ ಬಂಧಕಕ್ಕೆ, ಅಂದರೆ 8000 ಚೀಲಕ್ಕೆ ಸಾಕು. ಸಾವಿರ ಚದರಡಿಯ ಇಪ್ಪತ್ತು ಮನೆಗಳಿಗೆ ಆಗುವಷ್ಟು. ಅದರಿಂದ ಉಳಿಯುವ ಇಂಗಾಲದ ಡೈಆಕ್ಸೈಡು 30 ಟನ್ನಿಗೂ ಹೆಚ್ಚು. ಬೂದಿ ಗಿರಣಿಯಿಂದ ಕಟ್ಟಡಕ್ಕೆ ಹೋಗಬೇಕಾದ ದೂರ ಒಂದು ತಾಲೂಕಿನೊಳಗಿನದು. ನಡುವೆ ಇರುವ ಕೊರತೆ ಅರೆಯುವ ಯಂತ್ರದ್ದು. ಒಂದು ಬಾಲ್ ಮಿಲ್ಲನ್ನು ನಾಲ್ಕಾರು ಗಿರಣಿಗಳು ಸೇರಿ, ಅಥವಾ ಒಂದು ಸೇವಾ ಸಹಕಾರಿ ಸಂಘ ಹಾಕಿಕೊಂಡರೆ ಅದೂ ನೀಗುತ್ತದೆ. ಉಷ್ಣ ಸ್ಥಾವರಗಳ ಬೂದಿಗೆ 1999ರಿಂದ ಕೇಂದ್ರ ಸರ್ಕಾರದ ಅಧಿಸೂಚನೆಗಳಿವೆ, 300 ಕಿಲೋಮೀಟರ್ ವ್ಯಾಪ್ತಿಯ ಕಾಮಗಾರಿಗಳಲ್ಲಿ ಬಳಸಬೇಕೆಂಬ ನಿಯಮವಿದೆ, 2021ರ ಡಿಸೆಂಬರ್ 31ರ ಅಧಿಸೂಚನೆ ಅದನ್ನು ಇನ್ನೂ ಬಿಗಿಗೊಳಿಸಿದೆ. ಗಿರಣಿಯ ಬೂದಿಗೂ ಅಂಥ ಆಸರೆ ಬೇಕು. ಪಂಚಾಯತಿಯ ಚರಂಡಿ, ಶಾಲೆಯ ಕಾಂಪೌಂಡು, ಅಂಗನವಾಡಿಯ ನೆಲ ಮುಂತಾದ ಸಣ್ಣ ಕಾಮಗಾರಿಗಳ ಅಂದಾಜುಪಟ್ಟಿಯಲ್ಲಿ ಸುಣ್ಣ-ಬೂದಿ ಗಾರೆಗೆ ಒಂದು ಸಾಲನ್ನು ಸೇರಿಸಿದರೆ ಗುತ್ತಿಗೆದಾರರು ತಾವಾಗಿಯೇ ಗಿರಣಿಯ ಬಾಗಿಲಿಗೆ ಬರುತ್ತಾರೆ. ಈ ಮಾತನ್ನು ಸಂಬಂಧಪಟ್ಟವರಿಗೆ ಲಿಖಿತವಾಗಿಯೂ ಕೊಡುವವನಿದ್ದೇನೆ.

ಸುಗ್ಗಿಯ ಭತ್ತ ಗಿರಣಿಗಳಿಗೆ ಬರುವ ಹೊತ್ತಿಗೆ ನನ್ನ ಕೋರಿಕೆ ಇಷ್ಟು. ಗಿರಣಿ ನಡೆಸುವವರು ಕಪ್ಪು ಬೂದಿಯನ್ನೂ ತಿಳಿ ಬೂದಿಯನ್ನೂ ಬೇರೆ ಬೇರೆ ಇಡಬೇಕು, ತಿಳಿಯದ್ದನ್ನು ಮಳೆಹನಿ ತಾಗದ ಜಾಗದಲ್ಲಿ ಗೋಣಿಗೆ ತುಂಬಿಸಿ, ಯಾವ ದಿನ ಸುಟ್ಟದ್ದು, ಬಾಯ್ಲರಿನದೋ ಬಯಲು ಒಲೆಯದೋ ಎಂಬುದನ್ನು ಗೋಣಿಯ ಮೇಲೆ ಬರೆದಿಡಬೇಕು. ಕುಮಟಾ, ಹೊನ್ನಾವರ, ಶಿರಸಿ ತಾಲೂಕುಗಳೊಳಗೆ ಎಲ್ಲಿಂದ ಕರೆದರೂ ನಾನೇ ಬಂದು ಮಾದರಿ ತೆಗೆದುಕೊಂಡು ಹೋಗಿ, ಉಂಡೆ ಕಟ್ಟಿ ನೋಡಿ, ಫಲಿತಾಂಶವನ್ನು ಅವರಿಗೆ ತಿಳಿಸುತ್ತೇನೆ.